ಡಮ್ಮಿ ಸಾಲು

ಕಹಳೆಗೆ ರಾಜಕೀಯದ ಹಾಡು ಸಾಕಾಗಿ ಬಹಳ ಕಾಲವಾಗಿತ್ತು. ಹರೆಯದಲ್ಲಿ ಎಲ್ಲಿ ಮುಷ್ಕರವಾದರೂ ಮೊದಲು ಇವನ ದನಿಯೇ ಏಳುತ್ತಿತ್ತು. ಗೆಳೆಯರು ಇವನಿಗೆ ಕಹಳೆ ಎಂಬ ಅಡ್ಡಹೆಸರು ಇಟ್ಟದ್ದೂ ಆಗಲೇ. ಆಮೇಲೆ ಏನಾಯಿತು? ಇವನ ಹಾಡಿಗೆ ಚಪ್ಪಾಳೆ ತಟ್ಟಿದ ಮುಖಂಡರು ಒಬ್ಬೊಬ್ಬರಾಗಿ ಕುರ್ಚಿ ಹಿಡಿದರು, ಇವನ ಗಂಟಲು ಕೆಟ್ಟಿತು. ಊರ ಉಸಾಬರಿ ನನಗ್ಯಾಕೆ ಎಂದು ಪ್ರೇಮಗೀತೆಗೆ ಇಳಿದ. ಚಂದ್ರನ ಮೇಲೆ ಹಾಡು ಕಟ್ಟಿದವನನ್ನು ಯಾರೂ ಠಾಣೆಗೆ ಕರೆಯುವುದಿಲ್ಲ.

ಅವನ ಕಸುಬಿನಲ್ಲಿ ರಾಗ ಮೊದಲು, ಮಾತು ಆಮೇಲೆ. ರಾಗದ ಅಳತೆ ಮರೆಯದಿರಲೆಂದು ಬಾಯಿಗೆ ಬಂದ ಮಾತು ತುಂಬಿಸಿ ಹಾಡಿಟ್ಟುಕೊಳ್ಳುವುದು ರೂಢಿ. ಅದಕ್ಕೆ ಡಮ್ಮಿ ಸಾಲು ಎನ್ನುತ್ತಾರೆ. ನಿಜವಾದ ಸಾಲು ಹೊಳೆದ ಮೇಲೆ ಡಮ್ಮಿ ಕಸದ ಬುಟ್ಟಿಗೆ ಹೋಗುತ್ತದೆ.

ಈ ಸಲ ಬಾಯಿಗೆ ಬಂದದ್ದು ಅಕ್ಕನ ಮಾತು. ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ. ಗಂಡ ಹೋದ ಮೇಲೆ ತಮ್ಮನ ಜೊತೆಗೇ ಇದ್ದಳು. ದಿನಾ ಡ್ಯೂಟಿ ಮುಗಿಸಿ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ವಾರ್ಡಿನ ರೋಗಿಗಳ ಪಾಡು ಹೇಳಿ ಗೊಣಗುತ್ತಾಳೆ. ಪಕ್ಕದ ಕೋಣೆಯಲ್ಲಿ ಇವನು ಹಾರ್ಮೋನಿಯಂ ಒತ್ತುತ್ತಾನೆ. ಹಾಗೆ ಗೋಡೆ ದಾಟಿ ಬಂದು ರಾಗಕ್ಕೆ ಕೂತದ್ದು ಇದು:

ಹಾಸಿಗೆ ಒಂದು, ಮಲಗೋರು ಮೂರು,
ಯಾರ ಕಾಲು ಯಾರಿಗೆ ದಿಂಬು?

ಸ್ಟುಡಿಯೋದಲ್ಲಿ ದನಿ ಹದ ಮಾಡಿಕೊಳ್ಳಲು ಮೊದಲು ಡಮ್ಮಿ ಹಾಡಿದ, ಆಮೇಲೆ ಬೆಳದಿಂಗಳ ಸಾಲು ಹಾಡಿದ. ರೆಕಾರ್ಡಿಂಗ್‌ನವನು ಹಾಡು ಹೊರತರುವ ಕಂಪನಿಗೆ ಕಳಿಸಿದ್ದು ಮೊದಲನೆಯದನ್ನು. ಕೇಳಿದರೆ, "ಅದ್ರಲ್ಲೇ ಸಾರ್ ನಿಮ್ಮ ದನಿ ಚೆನ್ನಾಗಿತ್ತು. ಅದೇ ಫೈನಲ್ ಅಂದ್ಕೊಂಡೆ" ಎಂದ.

ಹಾಡು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಬಸ್ಸಿನಲ್ಲಿ ಅದೇ, ಕ್ಷೌರದಂಗಡಿಯಲ್ಲಿ ಅದೇ. ವಿರೋಧ ಪಕ್ಷದವರು ಹಾರ ಹಿಡಿದು ಬಂದರು, ಆಳುವವರ ಕಡೆಯವರು ಬೈಗುಳ ಹಿಡಿದು ಬಂದರು. ಇಬ್ಬರಿಗೂ ಇವನು ಒಳಗಿಂದಲೇ ಚಿಲಕ ಹಾಕಿಕೊಂಡ. ಅಷ್ಟರಲ್ಲಿ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಅಕ್ಕನನ್ನು ಕರೆಸಿ, ಒಳಗಿನ ಮಾತು ಹೊರಗೆ ಹೋದದ್ದು ಹೇಗೆ ಎಂದು ಕೇಳಿದರು.

"ಪೆನ್ಶನ್‌ಗೆ ಇನ್ನೆರಡು ವರ್ಷ ಇದೆ ಕಣೋ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ರೇಡಿಯೋದವರು ಕರೀತಿದಾರಲ್ಲ, ಹೋಗು. ಅದಕ್ಕೆ ಅರ್ಥ ಗಿರ್ಥ ಏನೂ ಇಲ್ಲ ಅಂತ ಹೇಳಿ ಕೈ ತೊಳ್ಕೋ."

"ಡಮ್ಮಿ ಅನ್ನೋದಂತೂ ನಿಜಾನೇ ಅಲ್ವಾ ಅಕ್ಕಾ."

"ನಿಜಾನೋ ಸುಳ್ಳೋ, ನನಗೆ ಸುಸ್ತಾಗಿದೆ. ಹೇಳಿ ಬಾ."

ರೇಡಿಯೋ ಕೋಣೆಯಲ್ಲಿ ಎದುರು ಕೂತ ಹುಡುಗಿ ಮೊದಲ ಪ್ರಶ್ನೆಯನ್ನೇ ಎಸೆದಳು: "ಸಂಗೀತಗಾರರು ಹಾಡಿಗೆ ರಾಜಕೀಯ ಬೆರೆಸಬೇಕಾ ಸಾರ್?"

"ಬೆರೆಸೋರು ಬೆರೆಸಲಮ್ಮ. ನಾನು ಬೆರೆಸಿಲ್ಲ," ಎಂದ ಕಹಳೆ. ಡಮ್ಮಿ ಸಾಲಿನ ಕಥೆ ಹೇಳಿದ. ಹುಡುಗಿ ನಕ್ಕಳು. ನಗು ಕೇಳಿ ಎಷ್ಟು ವರ್ಷವಾಗಿತ್ತೋ, ಇವನಿಗೂ ಹುರುಪು ಬಂತು. "ಅಳತೆಗೆ ಮೂರಕ್ಷರ ಬೇಕಿತ್ತು, ಹಾಸಿಗೆ ಅಂದೆ. ಹೂಕೋಸು ಅಂದಿದ್ರೂ ಆಗ್ತಿತ್ತು!" ಎಂದು ಹಾರ್ಮೋನಿಯಂ ಎಳೆದುಕೊಂಡು ಹಾಡಿಯೇ ತೋರಿಸಿದ: "ಹೂಕೋಸು ಒಂದು, ತಿನ್ನೋರು ಮೂರು..." ಗಾಜಿನಾಚೆ ಕೂತವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ದೊಡ್ಡ ಹೊರೆ ಇಳಿಯಿತು ಎನ್ನಿಸಿತು ಅವನಿಗೆ.

ಸಂಜೆ ಅಕ್ಕ ಬಂದಳು. ಕಾಲು ನೀರಿಗಿಡದೆ ಸುಮ್ಮನೆ ಕುರ್ಚಿಯಲ್ಲಿ ಕೂತಳು.

"ಸೂಪರಿಂಟೆಂಡೆಂಟ್ ಏನಂದ್ರು?"

"ಸಮಾಧಾನ ಆಯ್ತಂತೆ. ಇನ್ನು ವಿಚಾರಣೆ ಇಲ್ಲ ಅಂದ್ರು."

"ಮತ್ತೆ ಮುಖ ಯಾಕೆ ಹೀಗಿದೆ?"

ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು. "ವಾರ್ಡಲ್ಲಿ ಎಲ್ಲರೂ ರೇಡಿಯೋ ಸುತ್ತ ಸೇರಿದ್ರು. ಹಾಡಿದೋನು ಮಾತಾಡ್ತಾನೆ ಅಂತ. ಕಿಟಕಿ ಪಕ್ಕದ ಅಜ್ಜಿ ಎದ್ದು ಕೂರೋಕೆ ಜಾಗ ಇಲ್ದೆ, ಅದೇ ಹಾಸಿಗೆಯ ಪಕ್ಕದೋಳ ಭುಜ ಹಿಡ್ಕೊಂಡು ಎದ್ದಳು. ನೀನು ಹೂಕೋಸು ಅಂತ ಹಾಡಿದಾಗ ಅವಳು ನನ್ನ ಮುಖ ನೋಡಿದಳು. ಯಾರೂ ನಗಲಿಲ್ಲ ಕಣೋ. ನಾನೇ ಹೋಗಿ ರೇಡಿಯೋ ಆಫ್ ಮಾಡ್ದೆ."

ಕಹಳೆಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಹೇಳು ಅಂದೋಳು ನೀನೇ ಅಲ್ವಾ ಅಕ್ಕಾ?"

"ಹೌದಪ್ಪಾ, ನಾನೇ ಅಂದೆ," ಎಂದಳು ಅಕ್ಕ. "ಇಷ್ಟು ಚೆನ್ನಾಗಿ ಹೇಳ್ತೀಯ ಅಂದ್ಕೊಂಡಿರಲಿಲ್ಲ."