ಶಟರ್ ಎಳೆದ ಮೇಲೆ

“ಬಲಗೈ ಮೇಲೆತ್ತಿ ತೋರ್ಸಿ ಅಂಕಲ್,” ಎಂದಳು ಫೋನಿನ ಪರದೆಯಲ್ಲಿದ್ದ ವಿಮಾ ಕಂಪನಿಯ ವೈದ್ಯೆ.

ಅಪ್ಪ ಕತ್ತರಿಯನ್ನು ಎಡಗೈಗೆ ದಾಟಿಸಿದ. ಸೊಂಟವನ್ನು ಒಂದಿಷ್ಟು ವಾಲಿಸಿ, ಹೆಗಲನ್ನು ಕಿವಿಯವರೆಗೆ ಏರಿಸಿ, ಅಂತೂ ಬಲಗೈಯ ಬೆರಳುಗಳನ್ನು ತಲೆಗಿಂತ ಮೇಲಕ್ಕೆ ಒಯ್ದ. ಮುಖದಲ್ಲಿ ನಗುವಿತ್ತು. ಫೋನು ಹಿಡಿದು ನಿಂತಿದ್ದ ಮಗಳು ಆ ನಗು ಕಂಡು, ಬೇಡವೆಂದು ತಲೆ ಅಲ್ಲಾಡಿಸಿದಳು.

“ನೋವು?”

“ಏನಿಲ್ಲ ಡಾಕ್ಟ್ರಮ್ಮ. ಒಂಚೂರು ಹಿಡ್ಕೊಂಡ ಹಾಗೆ, ಅಷ್ಟೆ.”

ಮಗಳು ನಡುವೆ ಬಾಯಿ ಹಾಕಿದಳು. ಹೆಗಲಿನ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ರಜ್ಜು ಹರಿದಿರುವುದು ಸ್ಕ್ಯಾನಿನಲ್ಲಿ ಸ್ಪಷ್ಟವಾಗಿದೆ, ರಾತ್ರಿ ಆ ಮಗ್ಗುಲಿಗೆ ಮಲಗಲಾರರು ಎಂದಳು. ರೋಗಿಯೇ ಉತ್ತರಿಸಬೇಕು ಎಂದು ವೈದ್ಯೆ ನಯವಾಗಿ ತಿಳಿಸಿ, ಕರೆ ಮುಗಿಸಿದಳು.

ಶಸ್ತ್ರಚಿಕಿತ್ಸೆಯ ಖರ್ಚಿಗೆ ಒಪ್ಪುವ ಮೊದಲು ಒಮ್ಮೆ ನೋಡಬೇಕು, ಸಂಜೆ ಮನೆಯಲ್ಲಿದ್ದಾಗ ಕರೆ ಮಾಡುತ್ತೇವೆ ಎಂದಿದ್ದರು ಕಂಪನಿಯವರು. ಮಾಡಿದ್ದು ಮಧ್ಯಾಹ್ನ, ಅಪ್ಪ ತನ್ನ ಕ್ಷೌರದ ಅಂಗಡಿಯಲ್ಲಿದ್ದಾಗ. ಕಾಲೇಜಿನಿಂದ ಹಿಂದಿರುಗುತ್ತಿದ್ದ ಮಗಳು ಅವನು ಮರೆತುಹೋಗಿದ್ದ ಮಾತ್ರೆ ಕೊಡಲು ಬಂದಿದ್ದಳಷ್ಟೆ. ಅರ್ಧ ತಲೆ ಕತ್ತರಿಸಿಕೊಂಡು ಕುಳಿತಿದ್ದ ಗಿರಾಕಿ, ನಿವೃತ್ತ ಗುಮಾಸ್ತ, ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದ. ಗಿರಾಕಿಗಳು ಕೂರುವ ಕುರ್ಚಿಯನ್ನು ಅಪ್ಪ ಇತ್ತೀಚೆಗೆ, ಕೈ ಹೆಚ್ಚು ಎತ್ತಬೇಕಾಗದಂತೆ, ಪೂರ್ತಿ ತಗ್ಗಿಸಿಬಿಟ್ಟಿದ್ದ. ಅದನ್ನು ಯಾರೂ ಗಮನಿಸಿರಲಿಲ್ಲ.

“ಸದ್ಯ, ಬದುಕಿದೆ. ನಾಳೆಯಿಂದ ನನ್ ಕಿವಿನ ಯಾರ ಕೈಗೆ ಕೊಡ್ಲಿ ಅಂತ ಯೋಚ್ನೆ ಆಗಿತ್ತು,” ಎಂದ ಗುಮಾಸ್ತ. ಅಪ್ಪ ಜೋರಾಗಿ ನಕ್ಕ.

ಮರುದಿನವೇ ಕಂಪನಿಯ ಉತ್ತರ ಬಂತು: ಕೈಯ ಚಲನೆ ಪೂರ್ಣವಾಗಿದೆ, ಶಸ್ತ್ರಚಿಕಿತ್ಸೆಯ ಅಗತ್ಯ ಕಾಣುವುದಿಲ್ಲ. ಕಾಲೇಜಿನಲ್ಲಿ ಶರೀರಶಾಸ್ತ್ರ ಪಾಠ ಮಾಡುವ ಮಗಳಿಗೆ ಆ ಸಾಲಿನ ಅರ್ಥ ಗೊತ್ತಿತ್ತು. ತಡವಾದಷ್ಟೂ ಹರಿದ ರಜ್ಜು ಹಿಂದಕ್ಕೆ ಸರಿಯುತ್ತದೆ, ಸ್ನಾಯು ಸೊರಗುತ್ತದೆ, ಆಮೇಲೆ ಹೊಲಿಯಲು ಏನೂ ಉಳಿದಿರುವುದಿಲ್ಲ. ಅವಳು ಸಹಾಯವಾಣಿಗೆ ಕರೆ ಮಾಡಿದಳು. ಅವಳ ಕರೆ ತಮಗೆ ಅಮೂಲ್ಯವೆಂದು ಒಂದು ಯಂತ್ರದ ಧ್ವನಿ ಪದೇ ಪದೇ ಹೇಳಿತು. ಆಮೇಲೆ ಸಿಕ್ಕವರೆಲ್ಲ ಮೊದಲಿನಿಂದ ಕಥೆ ಕೇಳಿ, ಇನ್ನೊಬ್ಬರಿಗೆ ದಾಟಿಸಿದರು. ಸ್ಕ್ಯಾನ್ ಬರೀ ಚಿತ್ರ, ನಮ್ಮ ವೈದ್ಯರು ಕಣ್ಣಾರೆ ಕಂಡಿದ್ದಾರೆ ಎಂದ ಒಬ್ಬ. ಕೊನೆಗೊಬ್ಬಾಕೆ ಮಾತ್ರ, ಶಸ್ತ್ರವೈದ್ಯರ ಪತ್ರದ ಜೊತೆ ಹೊಸ ವಿಡಿಯೊ ಕಳಿಸಿದರೆ ಮರುಪರಿಶೀಲಿಸಬಹುದು ಎಂದಳು.

ಸಂಜೆ ಅವಳು ಅಂಗಡಿಗೆ ಹೋದಾಗ ಅಪ್ಪ ಎಡಗೈಯಲ್ಲಿ ಕೂದಲು ಗುಡಿಸುತ್ತಿದ್ದ.

“ಮನೇಲಿ ಎಷ್ಟು ಸಲ ಹೇಳ್ಕೊಟ್ಟಿದ್ದೆ ಅಪ್ಪ? ಇರೋದನ್ನ ಇದ್ದ ಹಾಗೆ ಹೇಳೋಕೇನು ಕಷ್ಟ?”

“ಗಿರಾಕಿ ಕೂತಿದ್ದ.”

“ಕೂತಿದ್ರೆ?”

“ಕೈ ಏಳಲ್ಲ ಅಂತ ಅವನ ಮುಂದೆ ಹೇಳಿ, ಅದೇ ಕೈಲಿ ಅವನ ಕುತ್ತಿಗೆಗೆ ಕತ್ತಿ ಇಡ್ಲಾ?”

 ಮಗಳು ಹೋಗಿ ಶಟರ್ ಎಳೆದು, ದೀಪ ಹಾಕಿ, ಹೊಸ ವಿಡಿಯೊಗೆಂದು ಫೋನು ತೆಗೆದಳು.

“ಮುಖ ಬೇಡ,” ಎಂದ ಅಪ್ಪ. ಅವಳು ಅವನ ಬೆನ್ನ ಹಿಂದೆ ನಿಂತು ಫೋನು ಹಿಡಿದಳು.

“ವಾಲ್ಬೇಡ. ಹೆಗಲು ಏರಿಸ್ಬೇಡ. ಎಷ್ಟು ಬರುತ್ತೋ ಅಷ್ಟೇ ಸಾಕು.”

ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಹೊರಗೆ ಯಾರೋ ಶಟರ್ ಬಡಿದು, “ಒಳಗಿದ್ದೀರಾ?” ಎಂದು ಕೂಗಿದರು. ಅಪ್ಪ ಕೈ ಇಳಿಸಲಿಲ್ಲ.

ಪರದೆಯ ಅಂಚಿನಲ್ಲಿ ಕನ್ನಡಿ, ಕನ್ನಡಿಯೊಳಗೆ ಅವನ ಮುಖ. ಮಗಳು ಫೋನು ಅಲುಗದಂತೆ, ಆ ಮುಖ ಪರದೆಯಲ್ಲಿ ಕಾಣದಾಗುವವರೆಗೂ ಮೆಲ್ಲನೆ ಪಕ್ಕಕ್ಕೆ ಸರಿದಳು.