ಹಿಂದೆ ಪಿನ್ ಮಾಡಿದ ಹಾಳೆ

ಹಲಸೂರಿನ ಆ ಪಿಯು ಕಾಲೇಜಿನಲ್ಲಿ ಕನ್ನಡ ಮೇಡಂ ವಿಮಲಾಕ್ಷಿಯವರ ಬಗ್ಗೆ ಒಂದು ಮಾತಿತ್ತು. ಹೆಸರು ಮುಚ್ಚಿ ಹಾಳೆ ಕೊಟ್ಟರೂ ಎರಡು ಸಾಲು ಓದಿ ಯಾವ ಮಗುವಿನದೆಂದು ಹೇಳಿಬಿಡುತ್ತಾರೆ ಎಂದು. ಆ ಮಾತನ್ನು ಹಬ್ಬಿಸಿದವರು ಬಹುಮಟ್ಟಿಗೆ ಅವರೇ, ಆದರೆ ಸುಳ್ಳೇನಲ್ಲ. ಶಿವಾಜಿನಗರದ ಅನೀಸ್ ಎಂಬ ಹುಡುಗ ಸ್ವಾತಂತ್ರ್ಯ ದಿನಾಚರಣೆಯ ಮೇಲೆ ಬರೆದರೂ ಮೂರನೇ ಸಾಲಿಗೆ ಅಜ್ಜನ ಬಿರಿಯಾನಿ ಹಂಡೆಯ ಹತ್ತಿರ ಬಂದು ನಿಲ್ಲುತ್ತಿದ್ದ. ಹಂಸ ಎಂಬವಳು ಯಾವುದನ್ನೂ ಹೊಗಳುತ್ತಿರಲಿಲ್ಲ, ಸೂರ್ಯೋದಯವನ್ನೂ ಕೂಡ. ಅಂಥ ಹಾಳೆಗಳನ್ನು ವಿಮಲಾಕ್ಷಿ ಬೈಯಪ್ಪನಹಳ್ಳಿಯ ಮನೆಗೆ ಒಯ್ದು, ಗಂಡನಿಗೆ ಓದಿ ಹೇಳಿ ನಗುತ್ತಿದ್ದರು.

ಎರಡು ವರ್ಷದಿಂದ ಆ ನಗು ಇಲ್ಲ. ತೊಂಬತ್ತಾರು ಮಕ್ಕಳು ತೊಂಬತ್ತಾರು ಹಾಳೆ ಕೊಡುತ್ತಾರೆ, ಬರೆದವನು ಮಾತ್ರ ಒಬ್ಬನೇ. ಪ್ರಶ್ನೆಯನ್ನು ಫೋನಿನಲ್ಲಿ ಎಐಗೆ ಹಾಕುವುದು, ಅದು ಕೊಟ್ಟದ್ದನ್ನು ನೀಲಿ ಪೆನ್ನಿನಲ್ಲಿ ದುಂಡಗೆ ಇಳಿಸುವುದು. ಅಕ್ಷರ ಮಗುವಿನದು, ಮಾತು ಯಾರದೋ. ವಿಮಲಾಕ್ಷಿ ಮೊದಮೊದಲು ಕೂಗಾಡಿದರು, ಹಾಳೆ ಹರಿದರು. ಅಪ್ಪ ಅಮ್ಮಂದಿರು ಬಂದು ಜಗಳ ತೆಗೆದರು. ಮಾರ್ಕ್ಸ್ ಕಮ್ಮಿ ಮಾಡಿದರೆ ಅಡ್ಮಿಷನ್ ಬೀಳುತ್ತೆ ಮೇಡಂ ಎಂದು ಪ್ರಿನ್ಸಿಪಾಲರು ಕರೆದು ಹೇಳಿದರು. ಆಮೇಲೆ ಮೇಡಂ ಕೂಡ ಸುಸ್ತಾದರು. ಮೇಲಿನ ಎರಡು ಸಾಲು ನೋಡುವುದು, ಕೆಳಗಿನ ಒಂದು ಸಾಲು ನೋಡುವುದು, ಎಂಟೋ ಒಂಬತ್ತೋ ಹಾಕುವುದು. ಯಾರೂ ಬರೆಯದ್ದನ್ನು ತಾನೊಬ್ಬಳೇ ಯಾಕೆ ಓದಬೇಕು ಎಂದು ಅವರ ಸಿಟ್ಟು.

ಇಪ್ಪತ್ತು ವರ್ಷದ ಅಭ್ಯಾಸಗಳಲ್ಲಿ ಎರಡು ಉಳಿದಿದ್ದವು. ಮಾರ್ಜಿನ್ನಿನಲ್ಲಿ ಏನು ಬರೆದಿದ್ದರೂ ಅದನ್ನು ಓದದೆಯೇ ಕೆಂಪು ಪೆನ್ನಿನಿಂದ ಉಜ್ಜಿ ಹಾಕುತ್ತಿದ್ದರು. ಮಾರ್ಜಿನ್ ಮೇಷ್ಟರ ಜಾಗ, ಮಕ್ಕಳದ್ದಲ್ಲ. ಇನ್ನೊಂದು, ಚೆನ್ನಾಗಿಲ್ಲದ ಹಾಳೆಯನ್ನು ತಿದ್ದಿ ಬರೆಸಿದಾಗ ಹಳೆಯದನ್ನು ಹೊಸದರ ಹಿಂದೆ ಪಿನ್ ಮಾಡಿ ಕೊಡಬೇಕು.

ಆಗಸ್ಟಿನಲ್ಲಿ ಅದೇನು ಅನಿಸಿತೋ, 'ನಮ್ಮ ಮನೆ' ಎಂಬ ಪ್ರಬಂಧ ಕೊಟ್ಟು, "ಫೋನ್ ಮುಟ್ಟದೆ ಬರೀರಿ. ಹೆಂಗಾದ್ರೂ ಇರ್ಲಿ, ನಿಮ್ದಾಗಿರ್ಲಿ" ಎಂದರು. ಬಂದ ಹಾಳೆಗಳಲ್ಲಿ ಎಂಬತ್ತರಷ್ಟು 'ಮನೆ ಎಂಬುದು ಕೇವಲ ನಾಲ್ಕು ಗೋಡೆಗಳಲ್ಲ' ಎಂದೇ ಶುರುವಾಗಿದ್ದವು. ಮಧ್ಯೆ ಒಂದು ವಕ್ರವಕ್ರವಾಗಿತ್ತು. ವಿಮಲಾಕ್ಷಿಯವರೇ ಕ್ಲಾಸ್ ಟೀಚರ್ ಆಗಿದ್ದ ಸೆಕೆಂಡ್ ಪಿಯುವಿನ ತೇಜಶ್ರೀಯದು. ಕಗ್ಗದಾಸಪುರದ ಹುಡುಗಿ, ಹಿಂದಿನ ಬೆಂಚಿನವಳು, ಅಪ್ಪ ಇಲ್ಲ, ಅಮ್ಮ ಅಂಜಿನಮ್ಮ ಯಾವುದೋ ಆಫೀಸಿನಲ್ಲಿ ಹೌಸ್‌ಕೀಪಿಂಗ್. 'ನಮ್ ಮನೇಲಿ ಮುಂಚೆ ಮೂರ್ ಜನ ಇದ್ವಿ ಈಗ ಮತ್ತೆ ಮೂರ್ ಜನ ಆಗಿದೀವಿ' ಎಂಬಲ್ಲಿಗೆ ವಿಮಲಾಕ್ಷಿಯವರ ತಾಳ್ಮೆ ಮುಗಿಯಿತು. ಮಾರ್ಜಿನ್ ಉದ್ದಕ್ಕೂ ಉಜ್ಜಿದರು. ಕೆಳಗೆ, 'ಭಾಷೆ ಹದಗೆಟ್ಟಿದೆ. ತಿದ್ದಿ ಬರೆದು ತಾ' ಎಂದು ಬರೆದು ಸಹಿ ಹಾಕಿದರು. ಹೆಂಗಾದ್ರೂ ಇರ್ಲಿ ಎಂದು ತಾವೇ ಹೇಳಿದ್ದು ಅವರಿಗೆ ನೆನಪಿಗೆ ಬರಲಿಲ್ಲ. ಎರಡು ದಿನಕ್ಕೆ ಹೊಸ ಹಾಳೆ ಬಂತು, ನಾಲ್ಕು ಗೋಡೆಗಳಲ್ಲ ಎಂದೇ ಶುರುವಾಗಿ. ಒಂಬತ್ತು ಬಿತ್ತು. ಹಳೆಯದು ಹಿಂದೆ ಪಿನ್ನಾಗಿ ಫೈಲಿಗೆ ಹೋಯಿತು.

ದೀಪಾವಳಿ ಕಳೆದು ಒಂದು ಬುಧವಾರ ಬೆಳಗ್ಗೆ ತೇಜಶ್ರೀಯ ಸೋದರಮಾವ ಸುನೀಲ್ ಅವಳನ್ನು ಕರೆದುಕೊಂಡು ಸ್ಟಾಫ್‌ರೂಮಿಗೆ ಬಂದ. ಮೂವತ್ತು ದಾಟಿದ ಆಸಾಮಿ, ಇಸ್ತ್ರಿ ಮಾಡಿದ ಶರ್ಟು, ಮಾತಿನಲ್ಲಿ ಬಲು ವಿನಯ. ಅಂಜಿನಮ್ಮ ಹೊರಗೆ ಕಾರಿನಲ್ಲಿ ಕೂತಿದ್ದಾಳೆ ಎಂದ. ಅವನಿಗೆ ಹುಡುಗಿಯ ಟಿ.ಸಿ. ಬೇಕಿತ್ತು.

ಆ ಕಾಲೇಜಿನಲ್ಲಿ ಅದಕ್ಕೊಂದು ಕ್ರಮವಿತ್ತು. ವರ್ಷದ ಮಧ್ಯೆ ಬಿಡುವವರು ಕಾರಣವನ್ನು ಸ್ವಂತ ಕೈಯಲ್ಲಿ ಬರೆಯಬೇಕು. ಕ್ಲಾಸ್ ಟೀಚರ್ ಅದನ್ನು ಮಗುವಿನ ಬೇರೆ ಬರವಣಿಗೆಯೊಂದಿಗೆ ಹೋಲಿಸಿ ನೋಡಿ, ಇದು ವಿದ್ಯಾರ್ಥಿಯ ಸ್ವಂತ ಮಾತು ಎಂದು ಸಹಿ ಹಾಕಬೇಕು. ಆಫೀಸಿನ ಗುಮಾಸ್ತ ಗಯಾಜ್ ಪತ್ರವನ್ನೂ ಪ್ರಬಂಧದ ಫೈಲನ್ನೂ ತಂದು ಮೇಜಿನ ಮೇಲಿಟ್ಟ.

'ವೈಯಕ್ತಿಕ ಹಾಗೂ ಕೌಟುಂಬಿಕ ಜವಾಬ್ದಾರಿಗಳ ಹಿನ್ನೆಲೆಯಲ್ಲಿ, ಯಾವುದೇ ಒತ್ತಡಕ್ಕೆ ಒಳಗಾಗದೆ, ಸಂಪೂರ್ಣ ಸ್ವಇಚ್ಛೆಯಿಂದ ಈ ನಿರ್ಧಾರವನ್ನು ಕೈಗೊಂಡಿರುತ್ತೇನೆ.' ವಿಮಲಾಕ್ಷಿ ಓದಿ ತಲೆ ಎತ್ತಿದರು.

"ನೀನೇ ಬರ್ದಿದ್ದಾ?"

"ಹೌದು ಮೇಡಂ."

"ಏನಮ್ಮ ಆ ಜವಾಬ್ದಾರಿ? ಪರೀಕ್ಷೆಗೆ ಇನ್ನೇನು ಮೂರು ನಾಲ್ಕು ತಿಂಗಳಿದೆ."

ತೇಜಶ್ರೀ ಮಾವನ ಕಡೆ ನೋಡಿದಳು. "ಅದ್ರಲ್ಲೇ ಬರ್ದಿದೀನಿ ಮೇಡಂ."

"ಇದು ಹದಿನೇಳು ವರ್ಷದ ಹುಡುಗಿ ಮಾತಲ್ಲ ಕಣ್ರೀ" ಎಂದರು ವಿಮಲಾಕ್ಷಿ, ಸುನೀಲನಿಗೆ. "ಫೋನಲ್ಲಿ ತೆಗೆದು ಇಳಿಸಿರೋದು. ನಂಗೆ ಗೊತ್ತಾಗಲ್ವಾ?"

ಸುನೀಲ್ ಸಿಟ್ಟಾಗಲಿಲ್ಲ. ಫೈಲನ್ನು ತನ್ನ ಕಡೆ ಎಳೆದುಕೊಂಡು ತೇಜಶ್ರೀಯ ಪ್ರಬಂಧ ಹುಡುಕಿ, ಎರಡು ಸಾಲು ಗಟ್ಟಿಯಾಗಿ ಓದಿದ. "ಮೇಡಂ, ಇದೂ ಹಂಗೇ ಇದೆಯಲ್ಲ. ಅದೇ ಕೈ, ಅದೇ ಮಾತು. ನೀವೇ ಒಂಬತ್ತು ಕೊಟ್ಟಿದೀರ. ಈ ಪ್ರಬಂಧ ಅವಳ್ದು ಅಂದ್ರೆ ಆ ಪತ್ರಾನೂ ಅವಳ್ದೇ. ಪತ್ರ ಅವಳ್ದಲ್ಲ ಅಂದ್ರೆ, ಇದಕ್ಕೆ ಯಾಕ್ ಒಂಬತ್ತು ಕೊಟ್ರಿ?"

ಪಕ್ಕದ ಮೇಜಿನ ಫಿಸಿಕ್ಸ್ ಮೇಡಂ ಕತ್ತೆತ್ತಿ ನೋಡಿದರು. ವಿಮಲಾಕ್ಷಿಯವರ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷ ಎರಡು ಸಾಲಿನಲ್ಲಿ ಮಕ್ಕಳನ್ನು ಹಿಡಿದವರಿಗೆ ಈ ಇಸ್ತ್ರಿ ಶರ್ಟಿನವನು ಪರೀಕ್ಷೆ ಮಾಡುತ್ತಿದ್ದ.

ಆಗ ತೇಜಶ್ರೀ ಮೊದಲ ಸಲ ತಾನಾಗಿಯೇ ಬಾಯಿ ತೆರೆದಳು. ಕಣ್ಣು ಆ ಪ್ರಬಂಧದ ಮೇಲಿತ್ತು. "ಮೇಡಂ, ಅದನ್ನ ನೀವು ಪೂರ್ತಿ ಓದಿದ್ರಾ?"

ಹುಡುಗಿಯ ದನಿಯಲ್ಲಿ ಏನಿತ್ತೆಂದು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಇವಳೂ ತನ್ನನ್ನು ಹಂಗಿಸುತ್ತಿದ್ದಾಳೆ ಎಂದುಕೊಂಡರು. "ಓದದೆ ಮಾರ್ಕ್ಸ್ ಕೊಡ್ತೀನಾ? ಒಂದಕ್ಷರ ಬಿಡದೆ ಓದಿದೀನಿ."

ತೇಜಶ್ರೀ ಅವರ ಮುಖವನ್ನೇ ನೋಡಿದಳು. ಆಮೇಲೆ, "ಸರಿ ಮೇಡಂ" ಎಂದು ತಲೆ ತಗ್ಗಿಸಿದಳು. ವಿಮಲಾಕ್ಷಿ ಸಹಿ ಹಾಕಿದರು. ಗಯಾಜ್ ಸೀಲು ಒತ್ತಿದ.

ಆ ನೋಟ ಮಾತ್ರ ಅವರನ್ನು ಬಿಡಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಫೈಲ್ ತೆಗೆದು ಆ ಒಂಬತ್ತು ಅಂಕದ ಹಾಳೆಯನ್ನು ಈ ಸಲ ಪೂರ್ತಿ ಓದಿದರು. ಏನೂ ಇಲ್ಲ, ಅದೇ ಗೋಡೆ, ಅದೇ ಭಾವನೆಗಳ ಸಂಗಮ. ಮಡಚಲು ಹೋದಾಗ ಪಿನ್ ಬೆರಳಿಗೆ ಚುಚ್ಚಿತು. ಹಿಂದಿನ ಹಾಳೆ ತಿರುಗಿಸಿದರು.

'ನಮ್ ಮನೇಲಿ ಮುಂಚೆ ಮೂರ್ ಜನ ಇದ್ವಿ ಈಗ ಮತ್ತೆ ಮೂರ್ ಜನ ಆಗಿದೀವಿ. ಅಪ್ಪ ಹೋದ್ಮೇಲೆ ಮಾಮ ಬಂದವ್ರೆ. ಅಮ್ಮ ನೈಟ್ ಶಿಫ್ಟ್ ಹೋದ್ರೆ ನಾನು ಪಕ್ಕದ ಮನೆ ಆಂಟಿ ಹತ್ರ ಮಲಗ್ತೀನಿ. ದೀಪಾವಳಿ ಆದ್ಮೇಲೆ ನಂಗೂ ಮಾಮಂಗೂ ಮದ್ವೆ ಅಂತೆ. ಅಮ್ಮ ಅಳ್ತಾರೆ ಆದ್ರೆ ಬೇಡ ಅನ್ನಲ್ಲ. ನಂಗೆ ಹದಿನೇಳು. ಬೇಡ ಅಂದಿದ್ದಕ್ಕೆ ಫೋನ್ ಕಿತ್ಕೊಂಡ್ರು, ಕಾಲೇಜ್ ಕೆಲಸಕ್ಕೆ ಮಾತ್ರ ಕೊಡ್ತಾರೆ. ಮೇಡಂ ನೀವು ನಿಮ್ದಾಗಿರ್ಲಿ ಅಂದ್ರಿ ಅಂತ ಬರ್ದೆ. ಬೇರೆ ಯಾರ್ ಹತ್ರ ಹೇಳ್ಬೇಕು ಗೊತ್ತಿಲ್ಲ. ನೀವು ಬಂದು ಅಮ್ಮಂಗೆ ಹೇಳಿದ್ರೆ ಕೇಳ್ತಾರೆ. ಮದ್ವೆ ಇಲ್ಲಿ ಅಲ್ಲ ಮಾಮನ ಊರಲ್ಲಿ ಅದು'

ಅಲ್ಲಿಗೆ ಹಾಳೆ ಮುಗಿದಿತ್ತು. ಜಾಗ ಸಾಲದೆ ಉಳಿದದ್ದನ್ನು ಮಾರ್ಜಿನ್ನಿನಲ್ಲಿ ಬರೆದಿದ್ದಳು. ಅದರ ಮೇಲೆಲ್ಲ ಕೆಂಪು ಮೆತ್ತಿತ್ತು. ಕೆಳಗೆ, ಭಾಷೆ ಹದಗೆಟ್ಟಿದೆ.

ವಿಮಲಾಕ್ಷಿ ಡಬ್ಬಿ ಅಲ್ಲೇ ಬಿಟ್ಟು ಎದ್ದರು. ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಗಯಾಜ್‌ನನ್ನು ಕರೆದುಕೊಂಡು ಆಟೋ ಹಿಡಿದು ಕಗ್ಗದಾಸಪುರಕ್ಕೆ ಹೋದರು. ಮನೆಗೆ ಬೀಗ. ಪಕ್ಕದ ಮನೆಯಾಕೆ, "ಬೆಳಿಗ್ಗೇನೇ ಸಾಮಾನೆಲ್ಲ ಕಾರಿಗೆ ಹಾಕ್ಕೊಂಡ್ರು ಮೇಡಂ. ಶುಕ್ರವಾರ ಮದ್ವೆ ಅಂತೆ, ಊರಲ್ಲಿ" ಎಂದಳು. ಯಾವ ಊರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಂಜಿನಮ್ಮನ ತವರು ಯಾವುದೆಂದು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪೊಲೀಸ್ ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಒಬ್ಬ ಹೆಣ್ಣುಮಗಳು. ಕೂರಿಸಿ ನೀರು ಕೊಟ್ಟು ಪೂರ್ತಿ ಕೇಳಿಸಿಕೊಂಡಳು. ಮೇಜಿನ ಮೇಲೆ ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡಳು, ಟಿ.ಸಿ. ಪತ್ರದ ಜೆರಾಕ್ಸ್ ಒಂದು, ಪಿನ್ನಿನ ತೂತಿದ್ದದ್ದು ಒಂದು.

"ಎರಡ್ರಲ್ಲೂ ನಿಮ್ಮ ಸೈನ್ ಇದೆ ಮೇಡಂ. ಇದ್ರಲ್ಲಿ ಅವಳ ಸ್ವಂತ ಮಾತು ಅಂತ ಬರ್ದಿದೀರ. ಇದ್ರಲ್ಲಿ ಭಾಷೆ ಕೆಟ್ಟಿದೆ ಅಂತ ಬರ್ದಿದೀರ. ಹುಡುಗೀದು ಯಾವ್ದು?"

"ಕೆಟ್ಟಿದ್ದು" ಎಂದರು ವಿಮಲಾಕ್ಷಿ. "ನಾನು ಓದಿರ್ಲಿಲ್ಲ. ಓದಿದೀನಿ ಅಂತ ಅವಳಿಗೆ ಸುಳ್ಳು ಹೇಳಿದೆ. ನಾನು ಗೊತ್ತಿದ್ದೂ ಸುಮ್ಮನಿದ್ದೆ ಅಂದ್ಕೊಂಡು ಹೋದ್ಲು." ಹೇಳುವಾಗ ಅಳು ಬಂತು, ತಡೆಯಲಿಲ್ಲ.

ಸಬ್‌ಇನ್ಸ್‌ಪೆಕ್ಟರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. "ಫೋನ್ ಆನ್ ಆಗೋವರೆಗೆ ಕಾಯೋಕಾಗಲ್ಲ. ಊರಿನ ಹೆಸರು ಇಲ್ಲೇ ಬರ್ದಿದಾಳೆ, ಈ ಕೆಂಪಿನ ಕೆಳಗೆ. ಅವಳ ಕೈಬರಹ ನಿಮಗೇ ಗೊತ್ತಿರೋದು. ನೋಡಿ, ಓದೋಕಾಗುತ್ತಾ."

ವಿಮಲಾಕ್ಷಿ ಕನ್ನಡಕ ಒರೆಸಿಕೊಂಡು ಹಾಳೆಯ ಮೇಲೆ ಬಾಗಿದರು. ಮೊದಲಿನದು ವ ಇರಬಹುದು, ಪ ಇರಬಹುದು. ಕೊನೆಗೆ ಹಳ್ಳಿ ಎಂದಿದ್ದಂತಿತ್ತು. ನಡುವೆ ಅವರು ಅವತ್ತು ಸಿಟ್ಟಿನಲ್ಲಿ ನಾಲ್ಕು ಸಲ ಉಜ್ಜಿದ್ದರು, ಹಾಳೆಯೇ ಸವೆದಿತ್ತು.

"ಗೊತ್ತಾಗ್ತಿಲ್ಲ" ಎಂದರು.

"ಇನ್ನೊಂದ್ಸಲ ಓದಿ ಮೇಡಂ" ಎಂದಳು ಸಬ್‌ಇನ್ಸ್‌ಪೆಕ್ಟರ್.