ಮಗ್ಗದ ಪಕ್ಕದ ಜಾಗ

ತರಬೇತಿ ಶುರುವಾಗುವುದು ಹತ್ತು ಗಂಟೆಗೆ. ಪ್ರೇಮಲತಾ ಒಂಬತ್ತಕ್ಕೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಚಳ್ಳಕೆರೆಯ ಆ ಸಭಾಂಗಣದಲ್ಲಿ ಆಗಿನ್ನೂ ಕಸ ಗುಡಿಸುತ್ತಿದ್ದರು. ಪೊರಕೆ ಬಂದಾಗಲೆಲ್ಲ ಕಾಲೆತ್ತಿಕೊಳ್ಳಬೇಕಿತ್ತು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ತಡವಾದೀತೆಂದು ಹೆದರುವುದಕ್ಕಿಂತ ಕಾದು ಕೂರುವುದೇ ಸುಲಭ ಎನ್ನುವವರ ಪೈಕಿ ಅವಳು.

ಬಂದವರು ಇಪ್ಪತ್ತು ಜನ, ಎಲ್ಲರೂ ಸುತ್ತಲಿನ ಊರುಗಳ ಆಪ್ತಸಮಾಲೋಚಕರು. ತನ್ನಂತೆ ಹಗಲು ಎಣ್ಣೆ ಗಿರಣಿಯ ಕಚೇರಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಈ ಕೆಲಸಕ್ಕೆ ಬಂದವರು ಇಲ್ಲಿ ಬೇರೆ ಯಾರೂ ಇರಲಾರರು ಎಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಊರಿನ ಟ್ರಸ್ಟ್ ಒಂದರ ಚಿಕಿತ್ಸಾಲಯದಲ್ಲಿ ಆರು ವರ್ಷ ಕೆಲಸ ಮಾಡಿದ್ದರೂ, ಯಾರಾದರೂ ಬಂದು ‘ನೀವು ಇಲ್ಲಿ ಹೇಗೆ ಕೂತಿರಿ?’ ಎಂದು ಕೇಳಿಬಿಡುತ್ತಾರೇನೋ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ.

ವಿಷಯ, ದೊಡ್ಡವರಲ್ಲಿ ಕಾಣುವ ಎಡಿಎಚ್‌ಡಿ. ಗಮನ ಒಂದು ಕಡೆ ನಿಲ್ಲದ, ಶುರು ಮಾಡಿದ್ದು ಮುಗಿಯದ, ಹೊತ್ತಿನ ಅಂದಾಜು ಸಿಗದ ತೊಂದರೆ. ಇದು ಮಕ್ಕಳದಷ್ಟೇ ಎಂದುಕೊಂಡಿದ್ದವರೇ ಹೆಚ್ಚು. ತರಬೇತಿ ಕೊಡಲು ಬಂದ ಡಾಕ್ಟರ್ ವಿಶ್ವನಾಥ್ ಮೊದಲ ಗಂಟೆಯಲ್ಲಿ ಲಕ್ಷಣಗಳನ್ನು ವಿವರಿಸಿ, “ಇನ್ನು ಪಾಠ ಮಾಡೋರು ನಾನಲ್ಲ. ಹನ್ನೊಂದಕ್ಕೆ ಒಬ್ಬರು ಬರ್ತಾರೆ,” ಎಂದರು.

ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಮುಂದಿನ ಸಾಲಿನವರು ಕೈಗಡಿಯಾರ ನೋಡಿಕೊಂಡರು. ಹನ್ನೊಂದೂವರೆಗೆ, ಕೈಯಲ್ಲಿ ಗ್ರೀಸಿನ ಕಲೆ ಇನ್ನೂ ಹಾಗೇ ಇದ್ದ ನಲವತ್ತರ ಆಸುಪಾಸಿನ ಒಬ್ಬಾತ ಏದುಸಿರು ಬಿಡುತ್ತ ಒಳಬಂದ.

“ನನ್ನ ಹೆಸರು ಶಹನವಾಜ್. ಪಂಪ್‌ಸೆಟ್ ಮೆಕ್ಯಾನಿಕ್. ಅರ್ಧ ಗಂಟೆ ಲೇಟು. ನನ್ನ ನೋಡಿದ ಕೂಡ್ಲೇ ನಿಮ್ಮ ಮನಸ್ಸಿಗೆ ಏನು ಬಂತೋ ಅದನ್ನ ಒಂದು ಚೀಟೀಲಿ ಬರ್ದು ಕೊಡಿ. ಹೆಸರು ಬೇಡ. ಸುಳ್ಳೂ ಬೇಡ.”

ಪ್ರೇಮಲತಾ ‘ಜವಾಬ್ದಾರಿ ಇಲ್ಲ’ ಎಂದು ಬರೆದು ಮಡಚಿ ಕೊಟ್ಟಳು.

ಅವನು ಒಂದೊಂದನ್ನೇ ಬಿಚ್ಚಿ ಓದಿದ. “ಶಿಸ್ತಿಲ್ಲ. ಉಡಾಫೆ. ಜವಾಬ್ದಾರಿ ಇಲ್ಲ. ಇದು ಇನ್ನೊಂದು, ಜವಾಬ್ದಾರಿ ಇಲ್ಲ. ಪಾಪ, ಟ್ರಾಫಿಕ್ ಇತ್ತೇನೋ... ಅರೆ, ಚಳ್ಳಕೆರೇಲಿ ಟ್ರಾಫಿಕ್ಕಾ? ಇದನ್ನ ಬರ್ದೋರು ಒಳ್ಳೇ ಮನುಷ್ಯರು, ಊರಿಗೆ ಹೊಸಬರು.” ಎಲ್ಲರೂ ನಕ್ಕರು. ಅವನೂ ನಕ್ಕ. “ನಾನು ಬೆಳಿಗ್ಗೆ ಐದಕ್ಕೇ ಎದ್ದಿದ್ದೀನಿ. ಎಂಟಕ್ಕೇ ಅಂಗಿ ಹಾಕ್ಕೊಂಡು ಹೊರಟೆ. ಹೆಲ್ಮೆಟ್ ಅಂಗಡೀಲಿತ್ತು. ತರೋಕೆ ಹೋದೆ. ಅಲ್ಲೊಂದು ಪಂಪ್ ಬಿದ್ದಿತ್ತು. ಬಿಚ್ಚೋಕೆ ಕೂತೆ. ನನ್ನ ಹೆಂಡ್ತಿ ತಬಸ್ಸುಮ್ ಫೋನ್ ಮಾಡಿ, ‘ಏನ್ರೀ, ಭಾಷಣ ಮುಗೀತಾ?’ ಅಂದಾಗ್ಲೇ ನೆನಪು ಬಂದಿದ್ದು.”

“ಇಷ್ಟೊಂದು ತೊಂದರೆ ಇದ್ರೆ ಯಾರ ಹತ್ರನಾದ್ರೂ ತೋರಿಸಿರಲಿಲ್ವಾ?” ಎಂದು ಮುಂದಿನ ಸಾಲಿನವರೊಬ್ಬರು ಕೇಳಿದರು.

“ತೋರಿಸ್ದೆ. ಒಬ್ಬ ಮೇಡಮ್ ‘ಎಲ್ಲಾನೂ ಪುಸ್ತಕದಲ್ಲಿ ಬರೆದಿಡಿ’ ಅಂದ್ರು. ಆ ಪುಸ್ತಕ ಎಲ್ಲಿಟ್ಟೆ ಅಂತ ಬರೆಯೋಕೆ ಇನ್ನೊಂದು ಪುಸ್ತಕ ಬೇಕಾಯ್ತು. ಮೂರು ಸಲ ಹೋಗದೇ ಇದ್ದಿದ್ದಕ್ಕೆ ‘ಇವರಿಗೆ ಆಸಕ್ತಿ ಇಲ್ಲ’ ಅಂತ ಬರೆದ್ರು. ಕಾಲು ಮುರಿದೋನಿಗೆ ‘ನಡ್ಕೊಂಡು ಬಂದ್ರೆ ಮಾತ್ರ ಔಷಧಿ’ ಅಂದಂಗೆ ಆಯ್ತು ಅದು.” ಅವನು ಗ್ರೀಸಿನ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. “ಒಂದು ಮಾತು ಹೇಳ್ತೀನಿ, ಇದನ್ನ ಬೇಕಾದ್ರೆ ಬರ್ಕೊಳ್ಳಿ. ಕಷ್ಟದ ಕೆಲಸ ನಮಗೆ ಕಷ್ಟ ಅಲ್ಲ. ಕೆಟ್ಟ ಇಂಜಿನ್ ಕೊಡಿ, ಊಟ ಮರೀತೀನಿ. ನಟ್ಟು ಬೋಲ್ಟು ವಿಂಗಡಿಸು ಅನ್ನಿ, ಎದ್ದು ಓಡ್ತೀನಿ. ಸಪ್ಪೆ ಕೆಲಸ ನಮ್ಮನ್ನ ಕೊಲ್ತದೆ. ಆಮೇಲೆ, ಪಕ್ಕದಲ್ಲಿ ಒಬ್ರು ಇರ್ಬೇಕು. ಏನೂ ಮಾಡೋದು ಬೇಡ, ಸುಮ್ನೆ ಕೂತಿದ್ರೂ ಸಾಕು.”

ಎಲ್ಲರೂ ಬರೆದುಕೊಂಡರು. ಪ್ರೇಮಲತಾಳ ಪೆನ್ನು ಮಾತ್ರ ನಿಂತುಬಿಟ್ಟಿತ್ತು. ಅವಳಿಗೆ ಮಾರುತೇಶನ ಮುಖ ನೆನಪಾಗಿತ್ತು.

ಮಾರುತೇಶ ಮೊಳಕಾಲ್ಮೂರಿನವನು, ರೇಷ್ಮೆ ಸೀರೆ ನೇಯುವವನು. ನಾಲ್ಕು ತಿಂಗಳ ಹಿಂದೆ ತಾಯಿ ಕೆಂಚಕ್ಕನ ಜೊತೆ ಚಿಕಿತ್ಸಾಲಯಕ್ಕೆ ಬಂದಿದ್ದ. ತಿಂಗಳಿಗೊಮ್ಮೆ ಬರುವ ಮನೋವೈದ್ಯರು ಎಡಿಎಚ್‌ಡಿ ಎಂದು ಗುರುತಿಸಿ, ಮಾತ್ರೆ ಬರೆದು, ಮುಂದಿನ ಸಲಹೆಗೆ ಇವಳ ಬಳಿ ಕಳಿಸಿದ್ದರು. ಅವನು ನೇಯುತ್ತಿದ್ದದ್ದು ಮೂರು ಲಾಳಿಯ ಸೀರೆ. ಅಡ್ಡ ಎಳೆ ಒಯ್ಯುವ ಲಾಳಿ ಒಡಲಿಗೆ ಒಂದು, ಎರಡು ಅಂಚಿಗೆ ಒಂದೊಂದು; ಒಡಲಿಗೆ ಒಂದು ಬಣ್ಣ, ಅಂಚುಗಳಿಗೆ ಬೇರೆಯದೇ ಬಣ್ಣ. ಪ್ರತಿ ಎಳೆಯೂ ಅಂಚಿನಲ್ಲಿ ಒಂದಕ್ಕೊಂದು ಹೆಣೆದುಕೊಳ್ಳಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಇನ್ನೊಬ್ಬರು ಪಕ್ಕದಲ್ಲಿ ಕೂತು ಆ ಕಡೆಯ ಲಾಳಿ ಎಸೆಯಬೇಕು. ಅವನಿಗೆ ಕೆಂಚಕ್ಕ ಎಸೆಯುತ್ತಿದ್ದಳು, ಊರ ಸುದ್ದಿಯನ್ನೆಲ್ಲ ಹೇಳುತ್ತಾ. ಸೀರೆ ಚೆನ್ನಾಗಿಯೇ ಬರುತ್ತಿತ್ತು. ತೊಂದರೆ ಇದ್ದದ್ದು ಬೇರೆ ಕಡೆ: ಹೇಳಿದ ದಿನಕ್ಕೆ ಮುಗಿಯುತ್ತಿರಲಿಲ್ಲ, ಮಧ್ಯೆ ಎದ್ದು ಹೋದವನು ಮರಳುತ್ತಿರಲಿಲ್ಲ.

ಪ್ರೇಮಲತಾ ಆ ದಿನ ತುಂಬ ಯೋಚಿಸಿ, ಓದಿದ್ದನ್ನೆಲ್ಲ ನೆನಪಿಸಿಕೊಂಡು ಸಲಹೆ ಕೊಟ್ಟಿದ್ದಳು. ‘ಕಷ್ಟದ ಕೆಲಸ ಸದ್ಯಕ್ಕೆ ಬಿಡಿ. ಒಬ್ಬರೇ ನೇಯುವ ಸಾದಾ ಸೀರೆ ತಗೊಳ್ಳಿ. ಬಾಗಿಲು ಹಾಕಿಕೊಂಡು ಶಾಂತವಾಗಿ ಕೂತ್ಕೊಳ್ಳಿ. ಅಮ್ಮಾ, ನೀವೂ ಅವರ ಹತ್ತಿರ ಮಾತಾಡಬೇಡಿ.’ ಇನ್ನೊಮ್ಮೆ ಬಂದ. ಆಮೇಲೆ ಮೂರು ಸಲ ಬರಲಿಲ್ಲ. ನಿಯಮದಂತೆ ಅವಳು ಕಡತ ಮುಚ್ಚಿದಳು.

ಮಧ್ಯಾಹ್ನ ಎಲ್ಲರೂ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಾಗ ಅವಳು ಶಹನವಾಜ್ ಬಳಿ ಹೋಗಿ ನಿಂತಳು.

“ಸರ್, ನಾನೂ ಒಬ್ಬರಿಗೆ ಹಾಗೇ ಮಾಡಿದ್ದೀನಿ. ಅವರಿಗೆ ಸಪ್ಪೆ ಕೆಲಸ ಹಚ್ಚಿ, ಪಕ್ಕದಲ್ಲಿದ್ದವರನ್ನೂ ಎಬ್ಬಿಸಿಬಿಟ್ಟೆ. ಈ ಕೆಲಸಕ್ಕೆ ನಾನು ಲಾಯಕ್ಕಲ್ಲ ಅನ್ಸುತ್ತೆ.”

“ನೀವು ಲಾಯಕ್ಕೋ ಅಲ್ವೋ ಆಮೇಲೆ ನೋಡೋಣ. ಅವರು ಹೆಂಗಿದ್ದಾರೆ?”

ಅವಳಿಗೆ ಗೊತ್ತಿರಲಿಲ್ಲ. “ಫೋನ್ ಮಾಡಿದ್ರೆ ಎತ್ತಲ್ಲ.”

“ಎತ್ತಲ್ಲ. ಬೈಯೋಕೇ ಮಾಡಿದ್ದಾರೆ ಅಂದ್ಕೊಳ್ತೀವಿ ನಾವು. ಹೋಗಿ ನೋಡಿ, ಮೇಡಮ್. ನನ್ನ ಮನೆಗೆ ಹಂಗೆ ಯಾರೂ ಬರ್ಲಿಲ್ಲ, ಅದಕ್ಕೆ ಹೇಳ್ತಿದ್ದೀನಿ.”

ಭಾನುವಾರ ಅವಳು ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದಳು, ಕೆಡವಿದಳು. ನೇಕಾರರ ಬೀದಿಯಲ್ಲಿ ವಿಚಾರಿಸಿ ಮನೆ ಹುಡುಕಿದರೆ, ಬಾಗಿಲಲ್ಲೇ ಜಗಳದ ದನಿ ಕೇಳಿಸಿತು. ಮಗ್ಗವನ್ನೂ ರೇಷ್ಮೆಯನ್ನೂ ಕೊಟ್ಟು ನೇಯಿಸುವ ಏಕಾಂತಪ್ಪ ನಡುಮನೆಯಲ್ಲಿ ನಿಂತಿದ್ದರು. ಮಾರುತೇಶ ಗೋಡೆಗೆ ಒರಗಿ ತಲೆ ತಗ್ಗಿಸಿದ್ದ.

“ನಾಳೆ ಆಳು ಕರ್ಕೊಂಡು ಬರ್ತೀನಿ, ಮಗ್ಗ ಬಿಚ್ಕೊಂಡು ಹೋಗ್ತೀನಿ. ಕೂಸು ಕೂಡ ನೇಯಂಥ ಸಾದಾ ಸೀರೆ ಅದು. ನಾಕು ತಿಂಗಳಿಗೆ ಒಂದೂವರೆ ಆಗೈತಲ್ಲಲೇ! ನಿನ್ನ ಕೈ ಚೆನ್ನಾಗೈತೆ ಅಂತ ಎಷ್ಟು ದಿನ ಕಾಯ್ಲಿ?”

“ಏನೂ ಹೇಳಾಕಿಲ್ಲ ಏಕಾಂತಣ್ಣ. ತಗೊಂಡೋಗು,” ಎಂದ ಮಾರುತೇಶ. ಅಷ್ಟರಲ್ಲಿ ಬಾಗಿಲಲ್ಲಿದ್ದ ಪ್ರೇಮಲತಾಳನ್ನು ನೋಡಿ ಗಾಬರಿಯಾದ. “ಮೇಡಮ್! ತಪ್ಪಾತು ಮೇಡಮ್. ನಾನು ಬರಬೇಕಿತ್ತು.”

ಕೆಂಚಕ್ಕ ಒಳಗಿಂದ ಬಂದು, ಮಾತಾಡದೆ, ಚಾಪೆ ಹಾಸಿದಳು. ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದಳು.

“ಅಮ್ಮನಿಗೆ ಗಂಟಲು ನೋವಾ?” ಎಂದಳು ಪ್ರೇಮಲತಾ.

“ಇಲ್ಲ ಮೇಡಮ್. ನೀವು ಮಾತಾಡ್ಬೇಡ ಅಂದಿದ್ರಲ್ಲ. ಮಗ್ಗ ಐತಲ್ಲ ಇಲ್ಲಿ, ಅದಕ್ಕೆ ಈ ನಡುಮನೇಲಿ ಮಾತಾಡಲ್ಲ. ಮಾತಾಡ್ಬೇಕು ಅಂದ್ರೆ ಹಿತ್ಲಿಗೆ ಹೋಗ್ತಾಳೆ.”

ಪ್ರೇಮಲತಾ ಕೊಟ್ಟ ಸಲಹೆಯನ್ನು ಇಷ್ಟು ನಿಷ್ಠೆಯಿಂದ ಈವರೆಗೆ ಯಾರೂ ಪಾಲಿಸಿರಲಿಲ್ಲ.

“ನೀವು ಹೇಳಿದಂಗೇ ಮಾಡ್ದೆ,” ಎಂದ ಮಾರುತೇಶ. “ಬಾಗ್ಲು ಹಾಕ್ಕೊಂಡೆ. ಒಬ್ನೇ ಕುಂತೆ. ಒಂದೇ ಲಾಳಿ, ಒಂದೇ ಬಣ್ಣ, ಅತ್ಲಾಗೆ ಇತ್ಲಾಗೆ. ಹತ್ತು ಎಳೆ ಹಾಕೋದ್ರೊಳ್ಗೆ ಮನಸ್ಸು ಎಲ್ಲೋ ಇರ್ತಿತ್ತು. ಇಷ್ಟು ಸುಲಭದ್ದೂ ಬರ್ಲಿಲ್ಲ ಅಂದ್ರೆ ನಾನು ಯಾತಕ್ಕೂ ಬಾರದೋನು ಅಂತ ಗೊತ್ತಾತು. ಹೇಳಿದ ದಿನ ಬಸ್‌ಸ್ಟ್ಯಾಂಡ್ ತಂಕ ಬಂದೆ, ಮೇಡಮ್. ನಿಮಗೆ ಹೆಂಗೆ ಮುಖ ತೋರ್ಸಾದು ಅಂತ ವಾಪಸ್ ಹೋದೆ.”

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಅವಳಿಗೆ ಈಗ ನೆನಪಿರಲಿಲ್ಲ.

“ಮಾರುತೇಶ್, ನಾನು ಹೇಳಿದ್ದೇ ತಪ್ಪು. ನೀವು ಸರಿಯಾಗೇ ಮಾಡಿದ್ರಿ. ತಪ್ಪು ದಾರಿ ತೋರಿಸಿದೋಳು ನಾನು. ಅದನ್ನ ಹೇಳೋಕೇ ಬಂದೆ. ನನ್ನನ್ನ ಕ್ಷಮಿಸಿ.”

ಏಕಾಂತಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಚೆನ್ನಾಗೈತೆ ಕಣವ್ವ! ನೀವು ಹೇಳಿದ್ರಿ ಅಂತ ನಾನೂ ಮೂರು ಲಾಳಿದು ಕಿತ್ಕೊಂಡು ಇದನ್ನ ಕೊಟ್ಟೆ. ಈಗ ತಪ್ಪಾತು ಅಂದ್ರೆ? ಓದಿದೋರೇ ಹಿಂಗಂದ್ರೆ ನಾವು ಯಾರ ಮಾತು ಕೇಳಾನ?”

“ನಿಮ್ಮ ಸಿಟ್ಟು ಸರಿ ಇದೆ,” ಎಂದಳು ಪ್ರೇಮಲತಾ. “ನಾನೂ ಈಗ ಕಲೀತಿದ್ದೀನಿ. ಕೆಲವರಿಗೆ ಸುಲಭದ ಕೆಲಸಾನೇ ಕಷ್ಟ. ಅವರ ಕೈ ಓಡ್ತಿದ್ದದ್ದು ಕೆಲಸ ಕಷ್ಟ ಇದ್ದಾಗ, ಪಕ್ಕದಲ್ಲಿ ಅಮ್ಮ ಇದ್ದಾಗ. ನಾನು ಎರಡನ್ನೂ ತೆಗೆದುಬಿಟ್ಟೆ. ಇದೂ ತಪ್ಪಿರಬಹುದು, ಗೊತ್ತಿಲ್ಲ. ನೋಡೋಕೆ ಒಂದು ವಾರ ಕೊಡ್ತೀರಾ?”

“ಸುಲಭದ್ದೇ ಆಗದೋನಿಗೆ ಕಷ್ಟದ್ದು ಕೊಡ್ಬೇಕಾ?”

ಆಗ ಕೆಂಚಕ್ಕ ಬಾಯಿ ಬಿಟ್ಟಳು. “ಏಕಾಂತಪ್ಪ, ನಿನ್ನ ಮಗಳ ಮದುವೆ ಸೀರೆ ಯಾರು ನೇಯ್ದಿದ್ದು? ಅಂಚು ಹಿಡ್ಕೊಂಡು ಊರೆಲ್ಲ ತೋರ್ಸಿದ್ಯಲ್ಲ, ಆವಾಗ ಇವ್ನ ಕೈ ಚಿನ್ನ. ಈಗ ನಾಕು ತಿಂಗ್ಳಿಗೆ ಮಣ್ಣಾತಾ? ನಾಕು ತಿಂಗ್ಳು ನಾನು ಬಾಯಿ ಹೊಲ್ಕೊಂಡಿದೀನಪ್ಪ, ಇನ್ನೊಂದು ದಿನ ಸುಮ್ಕಿದ್ರೆ ಸತ್ತೇ ಹೋಗ್ತೀನಿ!”

ಏಕಾಂತಪ್ಪನವರಿಗೆ ನಗು ಬಂತು. ಮೀಸೆಯ ಮರೆಯಲ್ಲೇ ತಡೆದುಕೊಂಡರು. “ಎಂಟು ದಿನ. ಇರೋ ಅರ್ಧ ಸೀರೆ ಮುಗೀಬೇಕು. ಮುಗಿದ್ರೆ ಮೂರು ಲಾಳಿದು ಕೊಡ್ತೀನಿ. ಇಲ್ದಿದ್ರೆ ಮಗ್ಗ ಒಯ್ತೀನಿ, ಆಮೇಲೆ ನೀವ್ಯಾರೂ ಅಡ್ಡ ಬರಬಾರ್ದು.”

ಅವರು ಹೋದ ಮೇಲೆ ಪ್ರೇಮಲತಾ ಈ ಸಲ ಸಲಹೆ ಕೊಡಲಿಲ್ಲ. ಕೇಳಿದಳು. ಯಾವ ಹೊತ್ತಿನಲ್ಲಿ ಕೈ ಚೆನ್ನಾಗಿ ಓಡುತ್ತದೆ? ಎದ್ದು ಹೋದರೆ ಏನು ಮರಳಿ ಕರೆಯುತ್ತದೆ? ಮಾರುತೇಶ ಮೊದಮೊದಲು ತಡವರಿಸಿದ. ಇಂಥದ್ದನ್ನು ಅವನ ಹತ್ತಿರ ಯಾರೂ ಕೇಳಿರಲಿಲ್ಲ. ಆಮೇಲೆ ತಾನೇ ದಾರಿ ಹೇಳಿದ. ದಿನದ ಕೆಲಸವನ್ನು ಮೊಳದ ಲೆಕ್ಕದಲ್ಲಿ ಒಡೆಯುವುದು. ಒಂದು ಮೊಳ ಆದ ಮೇಲೆ ಬೀದಿ ತುದಿಯವರೆಗೆ ಹೋಗಿಬರುವುದು. ಬರದಿದ್ದರೆ ಅವ್ವ ಕೂಗುವುದು. ಸಾದಾ ಸೀರೆಗೆ ಎರಡನೆಯವರ ಅಗತ್ಯವಿಲ್ಲದಿದ್ದರೂ ಕೆಂಚಕ್ಕ ಹೋಗಿ ತನ್ನ ಹಳೆಯ ಜಾಗದಲ್ಲಿ ಕೂತಳು, ಮತ್ತು ನಾಲ್ಕು ತಿಂಗಳ ಸುದ್ದಿಯನ್ನು ಮೊದಲಿನಿಂದ ಶುರು ಮಾಡಿದಳು. ಯಾರದೋ ಮನೆಯ ಎಮ್ಮೆ ಇನ್ಯಾರದೋ ಹಿತ್ತಿಲಿಗೆ ನುಗ್ಗಿದ ಕಥೆ ಮುಗಿಯುವಷ್ಟರಲ್ಲಿ ಸೀರೆ ನಾಲ್ಕು ಬೆರಳು ಬೆಳೆದಿತ್ತು.

ಸೀರೆ ಮುಗಿದದ್ದು ಎಂಟನೆಯ ದಿನವಲ್ಲ, ಒಂಬತ್ತನೆಯ ದಿನ. ಏಕಾಂತಪ್ಪ ಬೀದಿಗೆಲ್ಲ ಕೇಳುವಂತೆ ಬೈದರು. ಬೈಯುತ್ತಲೇ ಸೀರೆ ಬಿಡಿಸಿ, ಬೆಳಕಿಗೆ ಹಿಡಿದು, ಎರಡೂ ಕಡೆ ನೋಡಿದರು. ಮರುದಿನ ಮೂರು ಲಾಳಿಯ ಸೀರೆಗಾಗಿ ಉದ್ದೆಳೆಯ ಹಾಸು ಮನೆಗೆ ಬಂತು.

ಎರಡು ತಿಂಗಳ ಮೇಲೆ ತರಬೇತಿಯ ಎರಡನೆಯ ತಂಡ ಬಂದಾಗ, ಪ್ರೇಮಲತಾ ಹೆದರುತ್ತಲೇ ವಿಶ್ವನಾಥ್ ಅವರಿಗೆ ಒಂದು ಮಾತು ಹೇಳಿದಳು. ಅವರು ಒಪ್ಪಿದರು. ಹೀಗೆ ಒಂದು ಶನಿವಾರ ಹನ್ನೆರಡು ಮಂದಿ ಆಪ್ತಸಮಾಲೋಚಕರು ಕೆಂಚಕ್ಕನ ನಡುಮನೆಯಲ್ಲಿ ಒತ್ತೊತ್ತಾಗಿ ಕೂತರು. ಮಾರುತೇಶ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ. ನೇರಳೆ ಒಡಲು, ಹಸಿರು ಅಂಚು.

ಒಬ್ಬ ತರುಣಿ ಪುಸ್ತಕ ಬಿಡಿಸಿ ಕೇಳಿದಳು, “ಸರ್, ನಿಮಗೆ ಜಾಸ್ತಿ ಸಹಾಯ ಆಗಿದ್ದು ಯಾವ ವಿಧಾನ? ಮೊಳದ ಲೆಕ್ಕವಾ, ಮಾತ್ರೆಯಾ, ಅಮ್ಮ ಪಕ್ಕದಲ್ಲಿ ಕೂತಿದ್ದಾ?”

ಮಾರುತೇಶ ಹಸಿರು ಲಾಳಿ ಎಸೆದ. ಅದು ನೇರಳೆಗೆ ಹೆಣೆದುಕೊಂಡಿತೇ ಎಂದು ಬಗ್ಗಿ ನೋಡಿದ.

“ಎಲ್ಲಾನೂ ಆಗೈತೆ. ಆದ್ರೆ ಮೊದ್ಲು ಆಗಿದ್ದು ಬೇರೆ. ಹುಟ್ಟಿದಾಗಿಂದ ‘ತಪ್ಪಾತು’ ಅಂತ ಎಲ್ಲಾರಿಗೂ ನಾನೇ ಹೇಳ್ತಾ ಬಂದೀನಿ. ಮೇಷ್ಟ್ರಿಗೆ, ಅಪ್ಪಂಗೆ, ಏಕಾಂತಣ್ಣಂಗೆ. ಮೇಡಮ್ ಅವತ್ತು ಬಸ್ಸು ಹತ್ಕೊಂಡು ಬಂದು ಅದನ್ನ ನಂಗೆ ಹೇಳಿದ್ರು.”

ಪ್ರೇಮಲತಾ ತಲೆ ತಗ್ಗಿಸಿದಳು. ಶಹನವಾಜ್‌ಗೆ, ಈ ಮನೆಗೆ, ಆ ಭಾನುವಾರಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ತರುಣಿ ಆ ಮಾತನ್ನು ಬರೆದುಕೊಳ್ಳಲು ಹೋಗಿ ಪೆನ್ನು ನಿಲ್ಲಿಸಿದಳು; ಆಮೇಲೆ ಪುಸ್ತಕ ಮುಚ್ಚಿಟ್ಟು, ಇನ್ನಷ್ಟು ಹತ್ತಿರ ಸರಿದು ಕೂತಳು.

“ಹೂಂ, ಕೇಳಿದ್ದು ಆತಲ್ಲ,” ಎಂದಳು ಕೆಂಚಕ್ಕ, ತನ್ನ ಕಡೆಯ ಲಾಳಿಯನ್ನು ಮರಳಿ ಎಸೆಯುತ್ತ. “ನಂದೊಂದು ಕಥೆ ಅರ್ಧಕ್ಕೆ ನಿಂತೈತೆ. ನೀವೂ ಕೇಳ್ರಿ.”